ಗೋಡೆಯ ಮೇಲಿನ ಗದ್ದೆ

ತಂಗಿಗೆ ಗಂಗಾವತಿ ಕಡೆಯ ಸಂಬಂಧವೊಂದು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಅಪ್ಪನಿಗೆ ಬಸ್ಸು ಆಗಿಬರುತ್ತಿರಲಿಲ್ಲವಾದ್ದರಿಂದ ಮನೆತನ ನೋಡಿ ಬರುವ ಹೊಣೆ ನನ್ನ ಮೇಲೆ ಬಿತ್ತು. ನಾನು ಹೂಂ ಅಂದರೆ ಮಾತ್ರ ಅವರು ಹುಡುಗಿ ನೋಡಲು ನಮ್ಮೂರು ಯಲಬುರ್ಗಾಕ್ಕೆ ಬರುವುದಿತ್ತು. ಅಲ್ಲಿನ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಸಾಹೇಬರ ಸಹಿಯನ್ನೂ ಬೆಳಕಿಗೆ ಹಿಡಿದು ನೋಡುವವನು.

ಅವರ ಪಡಸಾಲೆಯಲ್ಲಿ ಬಾಗಿಲಗಲದ ಒಂದು ಫೋಟೋಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಭತ್ತದ ಗದ್ದೆ, ಅದರಾಚೆ ಬಂಡೆಗುಡ್ಡ, ಗುಡ್ಡದ ಎಡ ಹೆಗಲ ಮೇಲೆ ಈಗಲೋ ಆಗಲೋ ಉರುಳುವಂತಿದ್ದ ದೊಡ್ಡ ಗುಂಡುಕಲ್ಲು. "ಇದು ನಮ್ಮ ಹೊಲಾರಿ" ಎಂದರು ಹುಡುಗನ ತಂದೆ.

ನನಗೆ ಅಲ್ಲೇ ಅನುಮಾನ ಬಂತು. ಮಳೆಯನ್ನೇ ನಂಬಿದ ಎರೆ ನೆಲದವನ ಕಣ್ಣಿಗೆ ಅಷ್ಟೊಂದು ಹಸಿರು ಖರೆ ಅನ್ನಿಸುವುದಿಲ್ಲ. ಕೊಪ್ಪಳದ ಬಸ್‌ಸ್ಟ್ಯಾಂಡಿನ ಹತ್ತಿರ ಜಲಪಾತ, ತೆಂಗಿನ ತೋಟ, ಹಿಮದ ಗುಡ್ಡಗಳನ್ನು ಹಗ್ಗಕ್ಕೆ ನೇತುಹಾಕಿ ಮಾರುತ್ತಿದ್ದರು. ಹಿಮದ ಗುಡ್ಡ ಕೊಂಡವನೂ ನಮ್ಮದೇ ಅನ್ನಬಹುದಲ್ಲ. ಅವಲಕ್ಕಿ ತಿಂದೆ, ಚಹಾ ಕುಡಿದೆ. ಕಣ್ಣು ಮಾತ್ರ ಗೋಡೆ ಬಿಡಲಿಲ್ಲ.

ಮನೆಗೆ ಬಂದಾಗ ಹುಡುಗ ಹೇಗಿದ್ದಾನೆಂದು ಅವ್ವ ಕೇಳಿದಳು. ನಾನು ಫೋಟೋದ ಸುದ್ದಿ ಹೇಳುತ್ತಾ ಹೋದೆ.

"ಅಣ್ಣಾ, ನಾ ಲಗ್ನ ಆಗೂದು ಆ ಫೋಟೋನ್ನೇನು?" ಎಂದಳು ತಂಗಿ, ಒಳಗಿನಿಂದ.

ಹುಡುಗನ ಮುಖ ನೆನಪಿಸಿಕೊಳ್ಳಲು ನೋಡಿದೆ. ಚಹಾದ ಕಪ್ಪು ಹಿಡಿದ ಒಂದು ಕೈ ಮಾತ್ರ ನೆನಪಾಯಿತು. ಆದರೂ ಮನಸ್ಸು ಹೂಂ ಅನ್ನಲಿಲ್ಲ. ಗೋಡೆಯ ಮೇಲೇ ಸುಳ್ಳು ತೂಗುಹಾಕಿದವರು ತಂಗಿಯ ಹತ್ತಿರ ಇನ್ನೇನೇನು ಸುಳ್ಳು ಹೇಳಿಯಾರು?

ಹಲ್ಲುನೋವೆಂದು ರಜೆ ಹಾಕಿ ಮತ್ತೆ ಬಸ್ಸು ಹತ್ತಿದೆ. ಆ ಊರಿನ ಚಹಾದಂಗಡಿಯಲ್ಲಿ ಅವರ ಹೊಲ ಯಾವುದೆಂದು ಕೇಳಿಕೊಂಡು ಹೋದೆ. ಗದ್ದೆ ಇತ್ತು, ಗುಡ್ಡ ಇತ್ತು, ಗುಂಡೂ ಇತ್ತು. ಆದರೆ ಗುಂಡು ಇದ್ದದ್ದು ಬಲ ಹೆಗಲ ಮೇಲೆ. ಸುಳ್ಳು ಸಿಕ್ಕಿಬಿತ್ತು ಅಂದುಕೊಂಡೆ. ಒಳಗೊಳಗೆ ಖುಷಿಯೂ ಆಯಿತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಅಷ್ಟರಲ್ಲಿ ಬದುವಿನ ಗುಡಿಸಲಿನಿಂದ ಹುಡುಗನ ತಾಯಿ ಹೊರಬಂದರು. ಹಲ್ಲಿನ ಡಾಕ್ಟರ ಹತ್ತಿರ ಹೊರಟಿದ್ದೆ, ಹೀಗೇ ಬಂದೆ ಎಂದೆ.

"ಡಾಕ್ಟ್ರು ಗದ್ದ್ಯಾಗ ಕುಂದ್ರಾಂಗಿಲ್ರಿ, ಸಾಹೇಬ್ರ" ಎಂದರು. ನನ್ನ ಕಣ್ಣು ಗುಂಡಿನ ಮೇಲೇ ಇದ್ದದ್ದನ್ನು ನೋಡಿ ಅವರಿಗೆ ಎಲ್ಲ ತಿಳಿಯಿತು. ಸ್ಟುಡಿಯೋದವನು ನೆಗೆಟಿವ್ ತಿರುವಿ ಇಟ್ಟು ಪ್ರಿಂಟ್ ಹಾಕಿ, ಎಡ-ಬಲ ಅದಲುಬದಲು ಮಾಡಿದ್ದನಂತೆ. ಕಟ್ಟು ಹಾಕಿಸಿದ ಮೇಲೆ ಗೊತ್ತಾಗಿ, ಇರಲಿ ಎಂದು ಬಿಟ್ಟಿದ್ದರಂತೆ. ಇಂಥ ಸಮಜಾಯಿಷಿಗಳನ್ನು ನಾನು ಕಚೇರಿಯಲ್ಲಿ ದಿನಾ ಓದುತ್ತೇನೆ. ನಂಬಲಿಲ್ಲ.

ಅವರು ಒಳಗೆ ಹೋಗಿ, ಕುಂಕುಮ ಹಚ್ಚಿಕೊಳ್ಳುವ ಸಣ್ಣ ಕನ್ನಡಿ ತಂದು ನನ್ನ ಕೈಗಿಟ್ಟರು. "ಗುಡ್ಡಕ್ಕ ಬೆನ್ನ ಮಾಡಿ ನೋಡ್ರಿ."

ನೋಡಿದೆ. ಗುಂಡು ಎಡಕ್ಕೆ ಬಂದಿತ್ತು. ಅವರ ಗೋಡೆಯ ಫೋಟೋ ಇದ್ದಂತೆಯೇ ಕನ್ನಡಿಯೊಳಗಿತ್ತು. ಅದರ ಮೂಲೆಯಲ್ಲಿ ಕಳ್ಳನನ್ನು ಹುಡುಕುತ್ತಿರುವಂಥ ನನ್ನ ಅರ್ಧ ಮುಖ. ನನ್ನ ಭುಜದ ಹಿಂದೆ, ಮೊಣಕಾಲಿನವರೆಗೆ ಕೆಸರಾದ ಒಬ್ಬ ತರುಣ ಸಲಿಕೆ ಹಿಡಿದು ನಿಂತಿದ್ದ. ತುಟಿ ಕಚ್ಚಿಕೊಂಡು, ನೆಲ ನೋಡುತ್ತಾ, ನಗು ಬಾರದಂತೆ ಬಲು ಕಷ್ಟಪಡುತ್ತಿದ್ದ.

ಹುಡುಗನ ಮುಖ ನಾನು ಸರಿಯಾಗಿ ನೋಡಿದ್ದು ಆಗಲೇ.

ಸಂಜೆ ತಂಗಿಗೆ ಹೇಳಿದೆ, "ಹುಡುಗಗ ನಗು ತಡಕೊಳ್ಳಾಕ ಬರತೈತಿ."

"ನಿನ್ನ ಮುಂದ ತಡಕೊಂಡಾನಂದ್ರ," ಎಂದಳು ಅವಳು, "ಭಾಳ ಛಲೋ ಮನಶ್ಯಾ ಇರಬೇಕು. ಬರಾಕ ಹೇಳು."