ನಾದಿನಿ ಬರುವ ದಿನದ ರಂಗೋಲಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ನೆರೆಮನೆಯವರ ಸೀರೆ, ಕೊರಳಿನ ಬೋರಮಾಳ ನೋಡಿ ಉರಿಯುವ ವಯಸ್ಸು ದಾಟಿತು. ಈಗ ಉರಿಯುವುದು ನಾದಿನಿ ಗಂಗವ್ವನನ್ನು ಕಂಡರೆ. ಮೊಮ್ಮಕ್ಕಳನ್ನು ಎತ್ತಿದ ಮೇಲೂ ಇದೆಂಥ ಬುದ್ಧಿ ಎನ್ನಬೇಡಿ. ಮೊದಲು ಪೂರ್ತಿ ಕೇಳಿ.

ನಮ್ಮ ಯಜಮಾನರಿಗೆ ಮೈ ನಡುಗುವ ಬೇನೆ ಬಂದು ಮೂರು ವರ್ಷವಾಯಿತು. ರೈಲ್ವೆ ವರ್ಕ್‌ಶಾಪಿನಲ್ಲಿ ಕಬ್ಬಿಣ ಪಳಗಿಸಿದ ಕೈ ಈಗ ಚಹಾದ ಬಶಿಯನ್ನೂ ಹಿಡಿಯಲೊಲ್ಲದು. ನರದ ರೋಗ, ಸಂಭಾಳಿಸಬೇಕು ಎಂದರು ಡಾಕ್ಟರು. ಯಾರು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಉಣಿಸುವುದು, ಅಂಗಿಯ ಗುಂಡಿ ಹಾಕುವುದು, ಜೊಲ್ಲು ಒರೆಸುವುದು ನನ್ನ ಪಾಲಿಗೆ ಬಂತು. ನೋಡಲು ಬಂದವರು ಮೋಸಂಬಿ ಇಟ್ಟು ‘ಹೆಂಗದೀರಿ ಯಜಮಾನ್ರ?’ ಎಂದು ಅವರನ್ನು ಕೇಳುತ್ತಾರೆ. ನನ್ನನ್ನು ಕೇಳುವುದು ಚಹಾ. ಆ ಮೋಸಂಬಿಯ ಮೇಲೂ ನನಗೆ ಹೊಟ್ಟೆಕಿಚ್ಚು. ಒಮ್ಮೆ ಒಂದನ್ನು ಒಲೆಯ ಮುಂದೆ ಕೂತು ಒಬ್ಬಳೇ ತಿಂದೆ. ಹುಳಿ ಇತ್ತು.

ನಡೆಯುವಾಗ ಇವರ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತದೆ. ‘ಹೆಜ್ಜಿ ಇಡ್ರಿ’ ಎಂದು ನಾನು ಗಂಟಲು ಹರಿದುಕೊಂಡರೂ ಕದಲುವುದಿಲ್ಲ. ಆದರೆ ಸೋಮವಾರಕ್ಕೊಮ್ಮೆ ಗಂಗವ್ವ ಧಾರವಾಡದಿಂದ ಬಂದು ಬಾಗಿಲಲ್ಲಿ ನಿಂತು ‘ಅಣ್ಣಾ!’ ಎಂದರೆ ಸಾಕು, ಪಡಸಾಲೆ ದಾಟಿ ನಡೆದೇ ಬರುತ್ತಾರೆ.

‘ನೋಡ್ರಿ ವೈನಿ, ನಮ್ಮಣ್ಣ ಹೆಂಗ ನಡದಾ! ನೀವ ಸುಮ್ನ ಕುಂದ್ರಿಸಿ ಇಟ್ಟೀರಿ.’

‘ಹಂಗಾದ್ರ ನೀನ ಕರಕೊಂಡ ಹೋಗವಾ. ನಿಮ್ಮನ್ಯಾಗ ಓಡಿದ್ರೂ ಓಡ್ಯಾರು.’

ಆಕೆ ನಕ್ಕಳು. ನಾನು ಒಳಗೆ ಹೋಗಿ ಸೌಟು ಬಡಿದ ಸಪ್ಪಳ ಎಂಜಿನ್ನಿನ ಸೀಟಿಯನ್ನೂ ಮೀರಿಸಿರಬೇಕು. ನಲವತ್ತು ವರ್ಷ ಬಾಳಿದವಳ ಮಾತಿಗೆ ಏಳದ ಕಾಲು ತಂಗಿಯ ಒಂದು ಕೂಗಿಗೆ ಎದ್ದರೆ ಏನೆಂದು ತಿಳಿಯಬೇಕು? ಬೇಕಂತಲೇ ಮಾಡುತ್ತಾರೆ ಎಂದುಕೊಂಡೆ. ಎರಡು ದಿನ ಮಾತಾಡದೆ ಉಣಿಸಿದೆ. ಅವರು ಮಾತಾಡದೆ ಉಂಡರು. ಆ ಬೇನೆ ಮುಖವನ್ನೂ ಕಟ್ಟಿಹಾಕುತ್ತದೆ. ಸಿಟ್ಟೋ ಸಂಕಟವೋ ತಿಳಿಯುವುದಿಲ್ಲ.

ಮನೆಮಗಳು ಬರುವ ದಿನ ಪಡಸಾಲೆ ಸಾರಿಸಿ, ಬಾಗಿಲಿನವರೆಗೆ ಹೆಜ್ಜೆಗೊಂದರಂತೆ ರಂಗೋಲಿಯ ಅಡ್ಡ ಎಳೆ ಹಾಕುವುದು ನಮ್ಮ ಅತ್ತೆ ಕಲಿಸಿದ ರೂಢಿ. ಹೊಟ್ಟೆ ಉರಿದರೂ ನಾನು ಅದನ್ನು ತಪ್ಪಿಸಿದವಳಲ್ಲ. ಒಂದು ಸೋಮವಾರ ಎಳೆ ಹಾಕಿಯಾಗಿತ್ತು, ಗಂಗವ್ವ ಬರಲಿಲ್ಲ. ಹಾದಿ ನೋಡಿ ಬೇಸತ್ತು ಇವರು ತಾವೇ ಎದ್ದರು. ಕೂಗುವವರಿಲ್ಲ, ಕರೆಯುವವರಿಲ್ಲ. ಒಂದೊಂದೇ ಎಳೆ ನೋಡುತ್ತ, ಕಾಲೆತ್ತಿ ದಾಟುತ್ತ ಬಾಗಿಲಿಗೆ ಬಂದರು. ರಂಗೋಲಿ ತುಳಿದರೆ ಚಿಕ್ಕಂದಿನಲ್ಲಿ ಅತ್ತೆ ಇವರ ಪಾದಕ್ಕೇ ಬಾರಿಸುತ್ತಿದ್ದರಂತೆ. ಆ ಕಾಲು ಅದನ್ನು ಮರೆತಿರಲಿಲ್ಲ. ನಾನು ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಎಳೆ ನೋಡಿದೆ, ಒಂದೂ ಅಳಿಸಿರಲಿಲ್ಲ. ನಡೆಸಿದ್ದು ತಂಗಿಯ ಕೂಗಲ್ಲ, ನನ್ನ ಎಳೆ!

ಮರುದಿನ ಬರುವವರು ಯಾರೂ ಇರಲಿಲ್ಲ. ಆದರೂ ಎಳೆ ಹಾಕಿದೆ. ಇವರು ಎದ್ದು ನೆಲ ನೋಡಿದರು.

‘ಗಂಗಾ ಬರತಾಳೇನು?’

ಬಾಗಿಲಲ್ಲಿ ಗಂಗವ್ವ ನಿಲ್ಲುವ ಜಾಗಕ್ಕೆ ಹೋಗಿ ನಾನು ನಿಂತೆ.

‘ಇಲ್ಲ. ಇವತ್ತ ನಾ ಬಂದೇನಿ. ಬರ್ರಿ.’

ಬಂದರು.

ಗಂಗವ್ವನಿಗೆ ಇದನ್ನು ನಾನಿನ್ನೂ ಹೇಳಿಲ್ಲ. ಬೇನೆ ಅವರದು, ಮೋಸಂಬಿ ಅವರದು, ನಡೆಸಿದ ಹೆಸರು ಆಕೆಯದು. ಗುಟ್ಟಾದರೂ ನನ್ನದಿರಲಿ.