ಯಾರು ಹಾಡಿದರೂ ಹಿಂದೆ ಕ್ಲೈವ್

ಟ್ಯಾಮ್‌ವರ್ತ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೌಲಿಂಗ್ ಕ್ಲಬ್ಬಿನ ಜಗಲಿಯಲ್ಲಿ ಕ್ಲೈವ್ ಹನಿಸೆಟ್ ಎಡಗೈಯನ್ನು ಬಿಸಿನೀರಿನ ಡಬ್ಬಿಯಲ್ಲಿ ಅದ್ದಿಕೊಂಡು ಕೂತಿದ್ದಾರೆ. ಜನವರಿ ಇಲ್ಲಿ ನಡುಬೇಸಿಗೆ, ಸೆಕೆ ಈ ಹೊತ್ತಿಗೇ ಬೆನ್ನಿಗೆ ಅಂಟುತ್ತಿದೆ, ಆದರೂ ಅವರಿಗೆ ಬಿಸಿನೀರೇ ಬೇಕು. ಉಂಗುರದ ಬೆರಳು, ಕಿರುಬೆರಳು ಎರಡೂ ಅಂಗೈಯತ್ತ ಮಡಚಿಕೊಂಡಿವೆ. ಬಲಗೈಯಿಂದ ಎಳೆದು ಬಿಡಿಸಲು ನೋಡುತ್ತಾರೆ. ಅವು ಜಗ್ಗುವುದಿಲ್ಲ.

"ಹಠಮಾರಿಗಳು," ಎನ್ನುತ್ತಾರೆ. "ಉಳಿದವು ಇನ್ನೂ ಸ್ವಲ್ಪ ಮಾತು ಕೇಳ್ತವೆ."

ಅವರ ಮಾತು ಕೇಳಿಸಬೇಕಾದರೆ ಹತ್ತಿರ ಬಾಗಬೇಕು. ಗಂಟಲಿನಿಂದ ಬರುವುದು ಮುಕ್ಕಾಲು ಪಾಲು ಗಾಳಿಯೇ.

ಕಂಟ್ರಿ ಎಂಬ ಹಳ್ಳಿಗಾಡಿನ ಧಾಟಿಯ ಹಾಡುಗಳ ಉತ್ಸವಕ್ಕೆ ಊರು ತುಂಬಿದೆ. ಪೀಲ್ ನದಿಯ ದಂಡೆಯುದ್ದಕ್ಕೂ ಕಾರವಾನ್‌ಗಳು, ಗೋಡೆಗಳ ಮೇಲೆಲ್ಲ ದೊಡ್ಡ ಗಾಯಕರ ಮುಖಗಳು. ಕ್ಲೈವ್ ಹೆಸರು ಎಲ್ಲಿಯೂ ಇಲ್ಲ. ಅವರ ಕೆಲಸ ಇರುವುದು ಈ ಕ್ಲಬ್ಬಿನ ಬೆಳಗಿನ ವೇದಿಕೆಯಲ್ಲಿ, ಹಾಡುವವರ ಹಿಂದೆ ಗಿಟಾರ್ ನುಡಿಸುವುದು. ಇಲ್ಲಿ ಯಾರು ಬೇಕಾದರೂ ಹತ್ತಿ ಹಾಡಬಹುದು. ಲಾರಿ ಓಡಿಸುವವರು, ಕುರಿಯ ಉಣ್ಣೆ ಕತ್ತರಿಸುವವರು, ಮೊಮ್ಮಕ್ಕಳ ಬಲವಂತಕ್ಕೆ ಬಂದ ಅಜ್ಜಿಯರು, ಒಂದು ಬೆಳಗಿಗೆ ನಲವತ್ತು ಜನ ಹತ್ತುವುದುಂಟು. ಅಭ್ಯಾಸ ಅನ್ನುವ ಮಾತೇ ಇಲ್ಲ. ಹಾಡುವವರು ಸಾಲು ಮರೆಯಲಿ, ತಾಳ ತಪ್ಪಲಿ, ವಾದ್ಯದವರು ಮಾತ್ರ ನಿಲ್ಲಿಸುವಂತಿಲ್ಲ. ಹಾಡುವವರು ದಾರಿಗೆ ಬರುವ ತನಕ ಅದೇ ಜಾಗದಲ್ಲಿ ಸುತ್ತುತ್ತಾ ಕಾಯಬೇಕು.

"ಯಾವ ಶ್ರುತಿ ಅಂತ ಕೇಳಿದ್ರೆ, 'ನಾನು ಯಾವಾಗ್ಲೂ ಹಾಡೋದು' ಅಂತಾರೆ," ಕ್ಲೈವ್ ನಗುತ್ತಾರೆ. "ಕೇಳೋದೇ ಬಿಟ್ಬಿಟ್ಟೆ. ಅವರು ಉಸಿರು ಎಳ್ಕೊಳೋದು ನೋಡ್ತೀನಿ, ಸಾಲು ಎಲ್ಲಿ ಮುರಿಯುತ್ತೆ ಅಂತ ಗೊತ್ತಾಗುತ್ತೆ."

ಒಂದು ಕಾಲಕ್ಕೆ ಮುಂದೆ ನಿಂತು ಹಾಡುತ್ತಿದ್ದವರು ಇವರೇ. ನ್ಯೂಕ್ಯಾಸಲ್‌ನ ಪಬ್‌ಗಳಲ್ಲಿ 'ಸ್ಯಾಟಿನ್ ಫೆರಿ' ಎಂಬ ಸಾಫ್ಟ್ ರಾಕ್ ತಂಡ. ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಗಂಡಸರೆದುರು ಮೆಲುದನಿಯ ಪ್ರೇಮಗೀತೆ.

"ಒಬ್ಬ 'ಜೋರಾಗಿ ಹಾಡೋ, ನಿದ್ದೆ ಬರ್ತಿದೆ' ಅಂತ ಕೂಗ್ತಿದ್ದ. ಆಮೇಲೆ ಅವನೇ ಹೊರಗಡೆ ಬಂದು, 'ಆ ಹಾಡು ಬರ್ಕೊಡು ಗುರು, ನನ್ನ ಹೆಂಡ್ತಿ ಮುನಿಸ್ಕೊಂಡವ್ಳೆ' ಅಂದ."

ಒಂದು ಬೇಸಿಗೆಯಿಡೀ ರೇಡಿಯೊದಲ್ಲಿ ಅವರ ದನಿ ಕೇಳಿಬಂತು. ಮರುವರ್ಷ ತಂಡದವರು ಇನ್ನೂ ಎಳೆಯ ಮುಖವೊಂದನ್ನು ತಂದು ಮೈಕಿನ ಮುಂದೆ ನಿಲ್ಲಿಸಿದರು. ಕ್ಲೈವ್ ಗಿಟಾರ್ ಎತ್ತಿಕೊಂಡು 'ಗೇಟ್‌ಪೋಸ್ಟ್ ಬಾಯ್ಸ್' ಎಂಬ ಕಂಟ್ರಿ ತಂಡಕ್ಕೆ ಗಾಯಕರಾಗಿ ಸೇರಿದರು. ಇಪ್ಪತ್ತು ವರ್ಷ ಕ್ವೀನ್ಸ್‌ಲ್ಯಾಂಡಿನ ಧೂಳು, ಕೆಟ್ಟು ನಿಲ್ಲುವ ವ್ಯಾನು, ಹೊಗೆ ತುಂಬಿದ ಪಬ್‌ಗಳು. ಕೊನೆಗೆ ಗಂಟಲಲ್ಲಿ ಗಡ್ಡೆ. ಶಸ್ತ್ರಚಿಕಿತ್ಸೆಯಲ್ಲಿ ಜೀವ ಉಳಿಯಿತು, ದನಿ ಹೋಯಿತು.

"ನಾನು ಒಂದು ಸಿಗರೇಟೂ ಸೇದಿದವನಲ್ಲ. ನನ್ನ ಪಾಲಿಂದನ್ನೂ ಪಬ್ಬಿಗೆ ಬರೋರೇ ಸೇದಿದ್ರು."

ಅವರು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ತಂಡಕ್ಕೆ ಹೊಸ ಗಾಯಕ ಸಿಕ್ಕಿದ್ದ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಅವರಿಗೆ ಬರುವುದಿಲ್ಲ. ಕೈ ಇತ್ತಲ್ಲ, ಅನ್ನುತ್ತಾರೆ.

ಈಗ ಕೈಯ ಸರದಿ. ಒಮ್ಮೆ ಕೊಯ್ದು ಬಿಡಿಸಿದ ಬೆರಳುಗಳೇ ಮತ್ತೆ ಮಡಚಿವೆ. ಉತ್ಸವ ಮುಗಿದ ವಾರ ಇನ್ನೊಮ್ಮೆ ಕೊಯ್ಯಬೇಕು. ಸುಮ್ಮನೆ ಬಿಟ್ಟರೆ ಉಳಿದ ಬೆರಳುಗಳೂ ಹೋಗುತ್ತವೆ. ಕೊಯ್ದರೆ ಸ್ಪರ್ಶವೇ ಹೋದೀತು ಎಂದು ವೈದ್ಯರು ಹೇಳಿದ್ದಾರೆ.

ತಿಂಡಿಯ ಹೊತ್ತಿಗೆ ವೇದಿಕೆ ಶುರುವಾಗುತ್ತದೆ. ಗನೆಡಾ ಊರಿನ ಥೆಲ್ಮಾ ಗ್ರೋಗನ್ ಹತ್ತುತ್ತಾರೆ. ಎಂಬತ್ತು ದಾಟಿದವರು, ತೀರಿಹೋದ ಗಂಡನಿಗೆ ಇಷ್ಟವಾಗಿದ್ದ ಹಾಡನ್ನು ಪ್ರತಿವರ್ಷ ಬಂದು ಹಾಡುತ್ತಾರೆ. ಎರಡನೆಯ ಚರಣದ ನಡುವೆ ಕ್ಲೈವ್ ಕೈ ಸೆಟೆದುಕೊಳ್ಳುತ್ತದೆ. ಗಿಟಾರ್ ನಿಂತೇಹೋಗುತ್ತದೆ. ಡ್ರಮ್ಮಿನ ನೋಯೆಲ್ ಒಬ್ಬನೇ ತಾಳ ಹಿಡಿದು ಅವರತ್ತ ನೋಡುತ್ತಾನೆ. ಥೆಲ್ಮಾ ನಿಲ್ಲಿಸುವುದಿಲ್ಲ. ಹಿಂದೆ ತಿರುಗಿ, ಕ್ಲೈವ್ ಮುಖ ನೋಡುತ್ತಾ ಅದೇ ಸಾಲನ್ನು ಮತ್ತೆ ಹಾಡುತ್ತಾರೆ, ಮತ್ತೆ ಅದನ್ನೇ. ಮೂರನೆಯ ಸಲಕ್ಕೆ ಗಿಟಾರ್ ಬಂದು ಕೂಡಿಕೊಳ್ಳುತ್ತದೆ. ಹಾಡು ಇರುವುದೇ ಹಾಗೆ ಎಂದುಕೊಂಡು ಜನ ಚಪ್ಪಾಳೆ ತಟ್ಟುತ್ತಾರೆ.

"ಏನೋ ಕ್ಲೈವ್, ನಿದ್ದೆ ಹೊಡೀತಿದ್ದೆಯಾ?" ಇಳಿಯುವಾಗ ಥೆಲ್ಮಾ ಛೇಡಿಸುತ್ತಾರೆ. ಆದರೆ ಕೈಯನ್ನು ನೋಡಿದ ಮೇಲೆ ನಗು ನಿಲ್ಲುತ್ತದೆ. "ಎಷ್ಟು ದಿನದಿಂದ ಹೀಗಿದೆ, ಮಗಾ?"

"ಬಹಳ ದಿನದಿಂದ, ಥೆಲ್ಮಾ."

"ಹೇಳ್ಬಾರ್ದಿತ್ತಾ?"

ಕ್ಲೈವ್ ಗಿಟಾರಿನ ಪಟ್ಟಿ ಸರಿಮಾಡಿಕೊಳ್ಳುತ್ತಾರೆ. ಮುಂದಿನ ಗಾಯಕ ಆಗಲೇ ಮೆಟ್ಟಿಲ ಮೇಲಿದ್ದಾನೆ.

ಎಲ್ಲ ಮುಗಿದ ಮೇಲೆ ಕೇಳುತ್ತೇನೆ: ಕೈಯೂ ಹೋದರೆ? ಅವರು ತಂತಿಗಳನ್ನು ಒರೆಸುತ್ತಲೇ ಇರುತ್ತಾರೆ. ಕೇಳಬಾರದಿತ್ತು ಅನಿಸುತ್ತದೆ.

"ಬರೋ ಜನವರಿಗೆ ನಾನೂ ಹೆಸರು ಕೊಡ್ತೀನಿ, ಹಾಡೋಕೆ," ಎನ್ನುತ್ತಾರೆ ಕೊನೆಗೆ. ನಾನು ಇನ್ನಷ್ಟು ಬಾಗುತ್ತೇನೆ. "ಹಿಂದೆ ಬಾರಿಸೋನಿಗೆ ನನ್ನ ದನಿ ಕೇಳಿಸ್ದೆ ಇರ್ಬಹುದು. ಅವನು ನಿಲ್ಲಿಸ್ದೆ ಇದ್ರೆ ಸಾಕು."