ನೀಲವ್ವತ್ತೆಯ ಬಂದರಿಕೆ ಗಿಡಗಳು

ಬಂದರಿಕೆ ಎಲೆಯನ್ನು ಬಿಸಿಲಲ್ಲಿ ಹಿಚುಕಿದರೆ ಬೆರಳಿಗೆ ಅಂಟು ಹತ್ತುತ್ತದೆ. ಸ್ವಲ್ಪ ಹುಳಿ, ಸ್ವಲ್ಪ ಕಹಿ ಎನ್ನುವಂಥ ವಾಸನೆ. ಸಾಬೂನು ಹಚ್ಚಿ ತೊಳೆದರೂ ಸಂಜೆಯತನಕ ಹೋಗುವುದಿಲ್ಲ. ಹೋದ ವಾರ ರಾಮದುರ್ಗದ ನಮ್ಮ ಮನೆಯ ಮುಂದೆ ಬೇಲಿಯ ಗಿಡಗಳನ್ನು ಕತ್ತರಿಸುವಾಗ ಆ ವಾಸನೆ ಬಂತು. ಕತ್ತರಿ ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನಾನು ಬೆಳೆದ ಕಟಕೋಳದ ಮನೆ ಈಗಿಲ್ಲ, ಅದರ ಜಾಗದಲ್ಲಿ ಯಾರದೋ ಗೋದಾಮು ಎದ್ದಿದೆ. ಮರೆಯಲಾಗದಂಥ ಒಂದು ಹಿತ್ತಲು ನಿಮಗೂ ಇದ್ದೀತು. ನನಗೆ ಅದು ನೀಲವ್ವತ್ತೆಯ ಹಿತ್ತಲು.

ನೀಲವ್ವತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ನಮ್ಮ ಅವ್ವ ಬೇಗ ಹೋದದ್ದರಿಂದ ನನ್ನನ್ನೂ ತಂಗಿ ಶಾಂತಾಳನ್ನೂ ಬೆಳೆಸಿದ್ದು ಅವಳೇ. ಮುರಿದ ಎಲುಬು ಕೂಡಿಸಿ ಕಟ್ಟುವುದನ್ನು ಗಂಡನ ಮನೆಯಲ್ಲಿ ಕಲಿತಿದ್ದಳು. ಮುರಗೋಡದ ಕಡೆಯಿಂದಲೂ ಜನ ಬರುತ್ತಿದ್ದರು. ಬಂದರಿಕೆ ಎಲೆ ಅರೆದು ಬಿಸಿಮಾಡಿ ಮೆತ್ತಿ, ಮೇಲೆ ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಿದ್ದಳು. ಎಲೆಗಾಗಿ ಗುಡ್ಡ ಹತ್ತುವುದು ಬೇಡವೆಂದು ಹಿತ್ತಲಲ್ಲೇ ಗಿಡ ಹಾಕಿದಳು. ಅಲ್ಲಿ ಬರೀ ಕಲ್ಲುಕಲ್ಲಾದ ಗರಸು ಮಣ್ಣು, ನೆರಳೆಂಬುದಿಲ್ಲ. ಬದನೆ, ಮೆಣಸು ಯಾವುದೂ ಬದುಕಿರಲಿಲ್ಲ. ಕಾಗದದಂಥ ರೆಕ್ಕೆಯಿದ್ದ ಕಾಯಿಗಳು ಒಣಗಿದ ಮೇಲೆ ನಾವು ಮೂವರೂ ಕುಳಿತು ಬೀಜ ಉದುರಿಸುತ್ತಿದ್ದೆವು. ಒಲೆಯಿಂದ ಇಳಿಸಿದ ಬಿಸಿನೀರಿನಲ್ಲಿ ಅವನ್ನು ನೆನೆಹಾಕಿ, ಮೊದಲ ಮಳೆ ಬಿದ್ದೊಡನೆ ಊರುತ್ತಿದ್ದಳು. ಮೊದಲ ಬೇಸಿಗೆಗೆ ಎಂಟು ದಿನಕ್ಕೊಂದು ತಂಬಿಗೆ ನೀರು, ಆಮೇಲೆ ಅದೂ ಇಲ್ಲ. ಕನಿಕರಪಟ್ಟು ನಾನು ದಿನಾಲೂ ನೀರು ಹೊಯ್ದು ಒಂದು ಗಿಡ ಕೊಂದಿದ್ದೆ. ಅತ್ತೆ ಬೈಯಲಿಲ್ಲ. ಕಿತ್ತು, ಕೊಳೆತ ಬೇರು ತೋರಿಸಿದಳು, ಅಷ್ಟೆ. ಊರೆಲ್ಲ ಬೋಳಾಗಿ ಬೇಯುವ ಬೇಸಿಗೆಯಲ್ಲಿ ಆ ಎಲೆಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಆಡುಗಳು ಮೂಸಿ ನೋಡಿ ಮುಂದೆ ಹೋಗುತ್ತಿದ್ದವು.

ನನಗೆ ಹತ್ತು ವರ್ಷ, ಶಾಂತಾಳಿಗೆ ಆರು ಇದ್ದಾಗ, ಅವಳು ಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಬಲಗೈ ಮುರಿದುಕೊಂಡಳು. ಅತ್ತೆ ಕಟ್ಟು ಕಟ್ಟಿದಳು. ಅಂದು ಹತ್ತಿ ಬಿಡಿಸಲು ಹೊಲಕ್ಕೆ ಹೋಗಲೇಬೇಕಿತ್ತು. ಹೊರಡುವಾಗ ನನ್ನ ಭುಜ ಹಿಡಿದು ಹೇಳಿದಳು: “ಬೆರಳು ತಣ್ಣಗಾದ್ರ, ಬಣ್ಣ ತಿರುಗಿದ್ರ, ಓಡಿ ಬಂದ ನನಗ ಹೇಳು.”

ನಾನು ಹೂಂ ಅಂದೆ. ಅವಳು ಹೋದ ಮೇಲೆ ಗೆಳತಿಯರು ಬಂದರು, ಪಡಸಾಲೆಯಲ್ಲಿ ಚೌಕಾಬಾರ ಶುರುವಾಯಿತು. ಶಾಂತಾ ಒಳಗಿನಿಂದ ಎದ್ದು ಬಂದಳು. “ಅಕ್ಕಾ, ಭಾಳ ಬಿಗಿ ಆಗೈತಿ. ಬೆರಳು ಜುಮುಜುಮು ಅನ್ನಾಕತ್ತಾವು” ಅಂದಳು. ನಾನು ಆಟ ಗೆಲ್ಲುವುದರಲ್ಲಿದ್ದೆ. ಬಾಯಿಗೆ ಬೆಲ್ಲದ ಚೂರು ಕೊಟ್ಟು ಮಲಗಲು ಕಳಿಸಿದೆ. ಇನ್ನೊಮ್ಮೆ ಬಂದಾಗ ಗದರಿದೆ. ಮತ್ತೆ ಅವಳು ಬರಲಿಲ್ಲ. ಸಂಜೆ ಅತ್ತೆ ಬರುವಷ್ಟರಲ್ಲಿ ಬೆರಳುಗಳು ನೀಲಿಯಾಗಿದ್ದವು. ಕಟ್ಟು ಕೊಯ್ದು ರಾಮದುರ್ಗದ ದವಾಖಾನೆಗೆ ಒಯ್ದರು. ಎಲುಬೇನೋ ಕೂಡಿತು, ಆದರೆ ಬೆರಳುಗಳು ಒಳಕ್ಕೆ ಮಡಚಿ ಸೆಟೆದುಕೊಂಡವು, ಮತ್ತೆಂದೂ ಬಿಚ್ಚಲಿಲ್ಲ. ಮಧ್ಯಾಹ್ನವೇ ಸಡಿಲಿಸಿದ್ದರೆ ಉಳಿಯುತ್ತಿತ್ತು ಎಂದರಂತೆ ಡಾಕ್ಟರು.

ಅಪ್ಪ ಒಂದು ವರ್ಷ ಅತ್ತೆಯೊಡನೆ ಮಾತಾಡಲಿಲ್ಲ. ಅವಳು ಒಂದು ಮಾತೂ ಎದುರಾಡಲಿಲ್ಲ. ಕೈಕಾಲು ಮುರಿದುಕೊಂಡು ಬಂದವರಿಗೆಲ್ಲ, “ನನ್ನ ಕೈಲೆ ಆಗೂದಿಲ್ರಿ, ದವಾಖಾನಿಗೆ ಹೋಗ್ರಿ” ಎನ್ನುತ್ತಿದ್ದಳು. ಕದದ ಮರೆಯಲ್ಲಿ ನಿಂತು ಕೇಳುತ್ತಿದ್ದ ನಾನು ಬಾಯಿ ಬಿಡಲಿಲ್ಲ. ಎಲೆ ಕೀಳುವವರಿಲ್ಲದೆ ಗಿಡಗಳು ಆಳೆತ್ತರ ಬೆಳೆದವು. ಆದರೂ ಅತ್ತೆ ಪ್ರತಿ ವರ್ಷ ಬೀಜ ಊರುವುದನ್ನು ಬಿಡಲಿಲ್ಲ. ಶಾಂತಾ ಎಡಗೈಯಿಂದ ಬೀಜ ಉದುರಿಸುತ್ತ ಅವಳ ಪಕ್ಕ ಕೂರುತ್ತಿದ್ದಳು. ನಾನು ಹಿತ್ತಲಿಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಮದುವೆಯಾಗಿ ರಾಮದುರ್ಗಕ್ಕೆ ಬಂದ ಮೇಲೆ ಎಷ್ಟೋ ಭಾನುವಾರ ಹೇಳಿಯೇ ಬಿಡಬೇಕೆಂದು ಕಟಕೋಳದ ಬಸ್ಸು ಹತ್ತಿದ್ದೇನೆ. ಅತ್ತೆ ಚಹಾ ಕೊಟ್ಟು ಎದುರಿಗೆ ಕೂರುವಳು. ನಾನು ಮಳೆಯ ಸುದ್ದಿ, ಮಕ್ಕಳ ಸಾಲೆಯ ಸುದ್ದಿ ಹೇಳಿ ಎದ್ದು ಬರುತ್ತಿದ್ದೆ.

ಅವಳು ತೀರಿಕೊಂಡ ಮೇಲೆ, ಕಾರ್ಯವೆಲ್ಲ ಮುಗಿದ ದಿನ, ಸವದತ್ತಿಯಲ್ಲಿ ಮಾಸ್ತರಿಕೆ ಮಾಡುವ ಶಾಂತಾಳನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದೆ. ಅವಳು ಎಡಗೈಯಿಂದ ಒಂದು ಬಂದರಿಕೆ ಎಲೆ ಕಿತ್ತಳು.

“ಅತ್ತೆಗೆ ಗೊತ್ತಿತ್ತಕ್ಕಾ. ಕಟ್ಟ ಕೊಯ್ಯೂಮುಂದ ಕೇಳಿದ್ಲು, ನಾ ಹೇಳಿದ್ನಿ. ಅಪ್ಪನ ಮುಂದ ಹೇಳಬ್ಯಾಡ, ಅಕ್ಕ ಇನ್ನೂ ಸಣ್ಣಾಕಿ ಅಂದ್ಲು.”

ನಿನಗೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ.

“ಬಂದಿತ್ತು. ಭಾಳ ವರ್ಷ ಇತ್ತು” ಅಂದಳು.

ಅಷ್ಟು ಭಾನುವಾರಗಳೂ ಅತ್ತೆ ಎಲ್ಲ ತಿಳಿದೇ ನನ್ನೆದುರು ಕುಳಿತಿದ್ದಳು. ನಾನು ಹೇಳಲಿ ಎಂದು ಕಾಯುತ್ತಿದ್ದಳೋ, ಹೇಳುವ ಕಷ್ಟ ನನಗೆ ಬೇಡವೆಂದು ತಾನಾಗಿ ಆ ಮಾತು ತೆಗೆಯುತ್ತಿರಲಿಲ್ಲವೋ, ಈಗ ಕೇಳುವುದಕ್ಕೆ ಅವಳಿಲ್ಲ.